ಹರಿವೆ ದಂಟಿನ ಕೆಂಪು

೧೯೫೯

ಅಕ್ಟೋಬರ್ ೫, ಸೋಮವಾರ

ಸ್ಪ್ರೇ ಪಂಪಿನ ವಾಶರು ಮತ್ತೆ ಹೋಗಿದೆ. ಬೆಳಗಿನ ಎರಡು ಗಂಟೆ ಅದಕ್ಕೇ ಆಯಿತು. ಮಳೆ ಹೆಚ್ಚುಕಡಿಮೆ ನಿಂತಿದೆ, ಇನ್ನು ಸ್ಪ್ರೇ ಕೆಲಸ ಶುರು ಮಾಡಬಹುದು. ವಕೀಲರೊಬ್ಬರ ಮೋರಿಸ್ ಕಾರಿಗೆ ಪ್ರೈಮರ್ ಆಯಿತು. ಅದಕ್ಕೆ ಹೊಡೆಯಬೇಕಾದದ್ದು ಕಪ್ಪು. ಕಪ್ಪು ಎಂದರೆ ನನಗೆ ನೆಮ್ಮದಿ.

ಕುಶಲಾ ಮಧ್ಯಾಹ್ನದ ಬಸ್ಸಿಗೆ ಮುಲ್ಕಿಗೆ ಹೋದಳು. ಅತ್ತೆ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾರೆ. ಎಷ್ಟು ದಿನವೋ... ಹೊರಡುವ ಮೊದಲು ಅಂಗಡಿಗೆ ಬಂದು ಪೈಂಟಿನ ಡಬ್ಬಿಗಳನ್ನೆಲ್ಲ ಸಾಲಾಗಿಟ್ಟು ಒಂದೊಂದಕ್ಕೂ ಚೀಟಿ ಅಂಟಿಸಿದಳು. ಉಜ್ಜುವ ಕೆಲಸದಲ್ಲಿದ್ದ ಶೀನಪ್ಪಣ್ಣ ತಲೆಯೆತ್ತಿ ನಕ್ಕರು.

"ಎಂತ ಕುಶಲಕ್ಕ, ನಮಗೆ ಕಣ್ಣಿಲ್ಲವಾ?"

"ನಿಮಗೆ ಉಂಟು. ಇವರಿಗೆ ಹುಡುಕುವ ತಾಳ್ಮೆ ಇಲ್ಲ," ಎಂದಳು ಅವಳು.

ನಾನೂ ನಕ್ಕೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದವರು, ಈಗ ಒಬ್ಬನೇ. ಅನ್ನ ತಳ ಹಿಡಿಯಿತು.

ಅಕ್ಟೋಬರ್ ೮, ಗುರುವಾರ

ಬಂದರಿನ ಒಣಮೀನಿನ ವ್ಯಾಪಾರಿ ಅಹ್ಮದ್ ಬಾವ ಎತ್ತಿನ ಗಾಡಿಯಲ್ಲಿ ಮೋಟಾರ್ ಸೈಕಲ್ ಒಂದನ್ನು ಹೇರಿಕೊಂಡು ಬಂದರು. ಮೇಲೆ ಗೋಣಿ ಹೊದೆಸಿದ್ದರು, ಯಾರೂ ನೋಡಬಾರದೆಂಬಂತೆ. ೩೮ರ ಟ್ರಯಂಫ್, ಎರಡು ಸಿಲಿಂಡರಿನದ್ದು. ಗೋಣಿ ತೆಗೆದರೆ... ತಲೆಯಿಂದ ಬಾಲದವರೆಗೆ ಕಿಟಕಿಗೆ ಬಳಿಯುವ ಪೈಂಟು. ಅದೂ ಬ್ರಶ್ಶಿನಲ್ಲಿ. ಟಾಂಕಿಯ ಮೇಲೆ ಬ್ರಶ್ಶಿನ ಎರಡು ಕೂದಲು ಅಂಟಿಕೊಂಡೇ ಒಣಗಿವೆ.

"ಬಳಿದದ್ದು ನಾನೇ," ಎಂದರು ಅಹ್ಮದ್ ಬಾವ, ನನ್ನ ಮುಖ ನೋಡಿ. "ನನ್ನ ಅಣ್ಣ ಯೂಸುಫ್ ಬಹರೈನಿಗೆ ಹೋಗುವಾಗ ಇದಕ್ಕೆ ತುಕ್ಕು ಹಿಡಿಯಬಾರದು ಅಂತ ಹೇಳಿದ್ದ. ಕಿಟಕಿಗೆ ತಂದ ಪಚ್ಚೆ ಉಳಿದಿತ್ತು, ಬಳಿದೆ. ಈಗ ಅವ ಬರ್ತಾನೆ, ಒಂಬತ್ತು ವರ್ಷದ ಮೇಲೆ. ಇದನ್ನು ಹೇಗೆ ತೋರಿಸುವುದು ಹೇಳಿ?"

ಕಪ್ಪು ಹಾಕುವ ಎಂದೆ. ಕಪ್ಪಿಗೊಂದು ಗತ್ತು ಉಂಟು, ಪೊಲೀಸ್ ಸಾಹೇಬರ ಗಾಡಿಯ ಹಾಗೆ ಕಾಣುತ್ತದೆ ಎಂದೆ. ಬೇಡವಾದರೆ ಮೇಲೆ ಕೆನೆ ಬಣ್ಣ, ಕೆಳಗೆ ಕಪ್ಪು — ಈಗ ಬೊಂಬಾಯಿಯಲ್ಲೆಲ್ಲ ಅದೇ ಫ್ಯಾಷನ್ ಎಂದೆ. ಬೊಂಬಾಯಿ ನೋಡಿದವನಲ್ಲ ನಾನು.

"ಬೇಡ ಮಾರಾಯ್ರೆ. ಮೊದಲು ಎಂತ ಇತ್ತೋ ಅದೇ ಬೇಕು." ಕಿಸೆಯಿಂದ ಕಂಪೆನಿಯ ಹಳೆಯ ಪುಸ್ತಕ ತೆಗೆದರು. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: ಅಮರಂತ್ ರೆಡ್. "ಈ ಊರಲ್ಲಿ ಬಣ್ಣ ಹೊಂದಿಸುವುದಿದ್ದರೆ ಕಂಕನಾಡಿಯ ಲೋಕನಾಥ, ಅವರ ಕಣ್ಣು ಅಂದ್ರೆ ಕಣ್ಣು ಅಂತ ಎಲ್ಲರೂ ಹೇಳ್ತಾರೆ. ಹಾಗೇ ಬಂದದ್ದು."

ಒಪ್ಪಿಕೊಂಡೆ. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಅದೇ ದಿನ, ಸಂಜೆ ೬

ಬರೆದೇಬಿಡುತ್ತೇನೆ. ಈ ಡೈರಿಯನ್ನು ಓದುವವರು ಯಾರೂ ಇಲ್ಲ.

ನನಗೆ ಕೆಂಪು ತಿಳಿಯುವುದಿಲ್ಲ. ಹಸಿರೂ ತಿಳಿಯುವುದಿಲ್ಲ. ಎರಡೂ ಒಂದೇ — ಒಣಗಿದ ಕೆಸರಿನ ಹಾಗೆ, ಒಂದಿಷ್ಟು ಹೆಚ್ಚು ಕಪ್ಪು, ಒಂದಿಷ್ಟು ಕಡಿಮೆ. ಏಳು ವರ್ಷದವನಿದ್ದಾಗ ಅಜ್ಜಿ ಹಣ್ಣು ಮೆಣಸು ಮಾತ್ರ ಕೊಯ್ದು ತಾ ಎಂದಿದ್ದರು. ಗಿಡ ಬೋಳಾಗುವಂತೆ ಎಲ್ಲವನ್ನೂ ಕೊಯ್ದು ತಂದೆ. ಬೆನ್ನಿಗೆ ಬಿದ್ದದ್ದು ತುಂಟತನಕ್ಕೆಂದು ಎಲ್ಲರೂ ತಿಳಿದರು. ನಾನೂ ಹಾಗೆಂದೇ ಒಪ್ಪಿಕೊಂಡೆ. ಅಂದಿನಿಂದ ಒಪ್ಪಿಕೊಳ್ಳುತ್ತಲೇ ಬಂದಿದ್ದೇನೆ.

ಸೋದರಮಾವನ ಪೈಂಟಿನ ಅಂಗಡಿಗೆ ಸೇರಿದ್ದು ಹೊಟ್ಟೆಪಾಡಿಗೆ. ಸ್ಪ್ರೇ ಗನ್ನು ಹಿಡಿದ ದಿನವೇ ಕೈಗೆ ವಿದ್ಯೆ ಹತ್ತಿತು. ಒಂದು ಹನಿ ಇಳಿಯದಂತೆ ಹೊಡೆಯುತ್ತೇನೆ, ಅದರಲ್ಲಿ ಸುಳ್ಳಿಲ್ಲ. ಮದುವೆಯಾದ ತಿಂಗಳಲ್ಲೇ ಕುಶಲಾ ಕಂಡುಹಿಡಿದಳು, ಸಂತೆಯಿಂದ ನಾನು ತಂದ ಸೀರೆ ನೋಡಿ. ಯಾರಿಗೂ ಹೇಳಲಿಲ್ಲ. ಹದಿನಾಲ್ಕು ವರ್ಷದಿಂದ ಮಧ್ಯಾಹ್ನ ಬುತ್ತಿ ತರುವ ನೆಪದಲ್ಲಿ ಬಂದು ಕಲಸಿದ ಬಣ್ಣ ನೋಡುತ್ತಾಳೆ. "ಬಿಸಿಲು ಜೋರು" ಎಂದರೆ ಕೆಂಪು ಹೆಚ್ಚಾಗಿದೆ. "ಸಾರಿಗೆ ಉಪ್ಪು ಸಾಲದು" ಎಂದರೆ ಕಡಿಮೆ. "ಊಟ ಮಾಡಿ" ಎಂದರೆ ಸರಿಯಾಗಿದೆ.

ಊರು ಹೊಗಳುವ ಕಣ್ಣು ಅವಳದ್ದು. ಹೊಗಳಿಸಿಕೊಳ್ಳುವವನು ನಾನು.

ಅಕ್ಟೋಬರ್ ೧೨, ಸೋಮವಾರ

ಕಿಟಕಿ ಪೈಂಟು ಉಜ್ಜಿ ತೆಗೆಯಲು ಮೂರು ದಿನ. ಶೀನಪ್ಪಣ್ಣನ ಬೆರಳಿನ ತುದಿ ಸುಲಿದಿದೆ. ಐವತ್ತನಾಲ್ಕು ವರ್ಷದ ಮನುಷ್ಯ, ಮಾವನ ಕಾಲದಿಂದ ಇದ್ದಾರೆ, ಇವತ್ತಿಗೂ ನೀರಲ್ಲಿ ನೆನೆಸಿದ ಮರಳು ಕಾಗದ ಹಿಡಿದರೆ ಮಗುವಿನ ಮೈ ತೊಳೆಯುವ ಹಾಗೆ ಉಜ್ಜುತ್ತಾರೆ. ಟಾಂಕಿಯ ಬದಿಯಲ್ಲಿ ಮೊಣಕಾಲು ತಾಗುವ ಕಡೆ ರಬ್ಬರಿನ ತುಂಡು ಉಂಟು. ಅದನ್ನು ಬಿಚ್ಚಿದರೆ ಅಡಿಯಲ್ಲಿ ಹಳೆಯ ಬಣ್ಣ ಹಾಗೆಯೇ ಉಳಿದಿದೆ, ಅಂಗೈ ಅಗಲ.

"ಲೋಕಣ್ಣ, ಬೇಗ ಬನ್ನಿ! ಎಂತ ಬಣ್ಣ ಮಾರಾಯ್ರೆ ಇದು!"

ಬಗ್ಗಿ ನೋಡಿದೆ. ಕೆಸರು. "ಹೌದು, ಭಾರಿ ಚಂದ," ಎಂದೆ.

ಪಕ್ಕದ ಮನೆಯ ಝೇವಿಯರ್ ಮಾಸ್ತರರಲ್ಲಿ ಅಮರಂತ್ ಎಂದರೇನೆಂದು ಕೇಳಿದೆ. ಡಿಕ್ಷನರಿ ನೋಡಿ ಅವರು ನಕ್ಕೇಬಿಟ್ಟರು. "ನಮ್ಮ ಹರಿವೆ, ಲೋಕನಾಥ! ಕೆಂಪು ಹರಿವೆ ದಂಟು. ಇಂಗ್ಲೆಂಡಿನವರು ಹರಿವೆ ದಂಟಿನ ಬಣ್ಣದ ಮೋಟಾರ್ ಸೈಕಲ್ ಮಾಡಿದ್ದು ನೋಡು."

ಶೀನಪ್ಪಣ್ಣನಿಗೆ ಹೇಳಿದಾಗ ಅವರ ಮುಖವೇ ಅರಳಿತು. ಮರುಘಳಿಗೆಯಲ್ಲಿ ಮಾರ್ಕೆಟಿಗೆ ಹೋಗಿ ಒಂದು ಕಟ್ಟು ಹರಿವೆ ತಂದು, ದಂಟು ಮುರಿದು, ಆ ಅಂಗೈ ಅಗಲದ ಬಣ್ಣದ ಪಕ್ಕಕ್ಕೆ ಹಿಡಿದು ನೋಡಿದರು. ಉಳಿದದ್ದನ್ನು ಮನೆಗೆ ಒಯ್ದರು, ಊಟದ ಪದಾರ್ಥಕ್ಕೆ.

ಅಕ್ಟೋಬರ್ ೧೭, ಶನಿವಾರ

ಕುಶಲಾಳ ಕಾರ್ಡು ಬಂತು. ಇನ್ನೂ ಹದಿನೈದು ದಿನ ಬೇಕಂತೆ. ಕೊನೆಯಲ್ಲಿ ಒಂದು ಸಾಲು: "ಬಣ್ಣದ ಕೆಲಸ ನಾನು ಬಂದ ಮೇಲೆ ಇಟ್ಟುಕೊಳ್ಳಿ."

ಅಹ್ಮದ್ ಬಾವರ ಆತುರ ಅವಳಿಗೆ ಹೇಗೆ ತಿಳಿಯಬೇಕು. ದಿನಕ್ಕೊಮ್ಮೆ ಬಂದು ಇಣುಕುತ್ತಾರೆ. ಉಪಾಯ ಒಂದೇ — ಶೀನಪ್ಪಣ್ಣನ ಕೈಯಲ್ಲೇ ಕಲಸಿಸುವುದು. ಬೆನ್ನುನೋವೆಂಬ ನೆಪ ಹೇಳಿದೆ.

"ನಾನಾ? ನೀವಿರುವಾಗ?" ಎಂದರು. ಮೂವತ್ತು ವರ್ಷದಲ್ಲಿ ಯಾರೂ ಅವರ ಕೈಗೆ ಬಣ್ಣ ಕೊಟ್ಟಿರಲಿಲ್ಲ. ಉಜ್ಜುವವರು ಉಜ್ಜುವುದು ಮಾತ್ರ. ಸಂಜೆ ಹೋಗುವಾಗ ಎರಡು ಸಲ ತಿರುಗಿ ಕೇಳಿದರು, ನಿಜಕ್ಕೂ ನಾನೇ ಕಲಸುವುದಾ ಎಂದು.

ಅಕ್ಟೋಬರ್ ೨೧, ಬುಧವಾರ

ಶೀನಪ್ಪಣ್ಣ ಕಲಸಿದರು. ಬೆಳಗ್ಗಿನಿಂದ ಮೂರು ಗಂಟೆಯವರೆಗೆ. ತೊಟ್ಟು ತೊಟ್ಟಾಗಿ ಹಾಕಿ, ಕಡ್ಡಿಯಲ್ಲಿ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ... ಡಬ್ಬಿಯ ಮುಚ್ಚಳವೊಂದಕ್ಕೆ ಸ್ವಲ್ಪ ಬಳಿದು ಒಣಗಿಸಿಯೂ ನೋಡಿದರು. "ಈಗ ಸರಿ ಬಂತು ಲೋಕಣ್ಣ. ನೀವೊಮ್ಮೆ ನೋಡಿಬಿಡಿ." ನೋಡಿದೆ. ತಲೆಯಾಡಿಸಿದೆ. ಮಗಳು ಶಶಿಪ್ರಭಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದುದರಿಂದ ನಾಲ್ಕಕ್ಕೇ ನಂತೂರಿನ ಮನೆಗೆ ಹೊರಟರು. ಹೊಸ ಅಂಗಿ ಹಾಕಿಕೊಂಡೇ ಬಂದಿದ್ದರು ಪಾಪ, ಮೇಲೊಂದು ಹಳೆಯ ಪಂಚೆ ಸುತ್ತಿಕೊಂಡು ಕಲಸಿದ್ದರು.

ಅವರು ಹೋದ ಮೇಲೆ ಅಹ್ಮದ್ ಬಾವ ಬಂದರು. "ನೀವು ನೋಡಿದ್ದೀರಲ್ಲ? ಹಾಗಾದ್ರೆ ನಾನು ನೋಡುವುದೇ ಬೇಡ," ಎಂದು ಚಾ ಕುಡಿದು ಹೋದರು.

ಆ ಮಾತು ತಲೆಗೇರಿತೋ ಏನೋ. ಒಬ್ಬನೇ ಕೂತು ಕಲಸಿದ ಬಣ್ಣವನ್ನೂ ಟಾಂಕಿಯ ಹಳೆಯ ಬಣ್ಣವನ್ನೂ ನೋಡಿದೆ. ನನಗೆ ಬೇರೆ ಬೇರೆಯಾಗಿ ಕಂಡಿತು. ಕಲಸಿದ್ದು ತೀರಾ ಕಪ್ಪು. ಶೀನಪ್ಪಣ್ಣ ಕಲಸುವುದಕ್ಕೆ ಹೊಸಬರು, ಕೆಂಪು ಕಡಿಮೆ ಹಾಕಿದ್ದಾರೆ ಎನಿಸಿತು. ಕುಶಲಾ ಇಲ್ಲದೆ, ಯಾರೂ ಇಲ್ಲದೆ, ಒಂದೇ ಒಂದು ಬಣ್ಣವನ್ನು ನಾನೇ ಸರಿಮಾಡಬೇಕು ಎನಿಸಿತು. ಕೆಂಪಿನ ಡಬ್ಬಿಯಿಂದ ಎರಡು ಸೌಟು ಹಾಕಿದೆ. ಕಲಕಿದೆ. ಹತ್ತಿರ ಬಂದ ಹಾಗಿತ್ತು. ಇನ್ನೊಂದು ಹಾಕಿದೆ.

ಐದೂವರೆಯೊಳಗೆ ಟಾಂಕಿ, ಎರಡು ಮಡ್‌ಗಾರ್ಡು ಎಲ್ಲಕ್ಕೂ ಹೊಡೆದೆ. ಕನ್ನಡಿಯಂತೆ ಬಂದಿದೆ. ಒಂದು ಹನಿ ಇಳಿದಿಲ್ಲ. ಬಹಳ ದಿನಗಳ ಮೇಲೆ ಹಾಡು ಗುನುಗುತ್ತಾ ಮನೆಗೆ ಬಂದೆ.

ಅಕ್ಟೋಬರ್ ೨೨, ಗುರುವಾರ

ಬರೆಯಲು ಕೈ ಬರುತ್ತಿಲ್ಲ.

ಬೆಳಗ್ಗೆ ಬಾಗಿಲು ತೆಗೆದವರು ಶೀನಪ್ಪಣ್ಣ. ಟಾಂಕಿ ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಗಂಡಿನ ಕಡೆಯವರು ಒಪ್ಪಿದರಾ ಎಂದು ಕೇಳಿದರೆ ಹೂಂ ಎಂದರು, ಅಷ್ಟೇ. ಹತ್ತು ಗಂಟೆಗೆ ಅಹ್ಮದ್ ಬಾವ ಬಂದು ಟಾಂಕಿಯನ್ನು ತಾವೇ ಎತ್ತಿ ಅಂಗಳದ ಬಿಸಿಲಿಗೆ ಹಿಡಿದರು.

"ಇದೆಂತ ಲೋಕನಾಥರೇ? ಸೆಗಣಿಯ ಹಾಗೆ ಉಂಟಲ್ಲ!"

ಏನಾಗಿದೆಯೆಂದೇ ನನಗೆ ತಿಳಿಯಲಿಲ್ಲ. ಬಾಯಿ ತೆರೆಯುವ ಮೊದಲೇ ಶೀನಪ್ಪಣ್ಣ ಮುಂದೆ ಬಂದರು.

"ಕಲಸಿದ್ದು ನಾನು ಸಾಹುಕಾರ್ರೆ. ಲೋಕಣ್ಣನ ತಪ್ಪಲ್ಲ. ನಿನ್ನೆ ನನಗೆ ಸರಿಯಾಗಿಯೇ ಕಂಡಿತ್ತು, ದೇವರಾಣೆ. ಈಗ ನೋಡಿದ್ರೆ... ನನ್ನ ಕಣ್ಣಿಗೇ ಎಂತದೋ ಆಗಿದೆ."

ಅಹ್ಮದ್ ಬಾವ ನನ್ನ ಕಡೆ ತಿರುಗಿದರು. ಆಗ ಹೇಳಬಹುದಿತ್ತು. ನಿನ್ನೆ ಇವರು ಹೋದ ಮೇಲೆ ನಾನು ಕೈ ಹಾಕಿದೆ — ಅಷ್ಟು ಹೇಳಿದ್ದರೂ ಸಾಕಿತ್ತು, ಉಳಿದದ್ದು ಬೇಡವೇ ಬೇಡ. ನಾನು ಹೇಳಿದ್ದು ಬೇರೆ.

"ಪ್ರಾಯ ಆಯ್ತಲ್ಲ ಸಾಹುಕಾರ್ರೆ. ಕಣ್ಣು ಸ್ವಲ್ಪ ಮಂಜಾಗಿದೆ ಕಾಣ್ತದೆ. ನಾನು ಹೊಸದಾಗಿ ಮಾಡಿ ಕೊಡ್ತೇನೆ."

"ಇಂಥವರ ಕೈಗೆ ಕೊಡುವುದಾ ಮಾರಾಯ್ರೆ?" ಎಂದು ಬೈದು ಹೋದರು.

ಶೀನಪ್ಪಣ್ಣ ಸಂಜೆಯವರೆಗೂ ಉಜ್ಜಿದರು. ಹೋಗುವಾಗ ಕೈ ತೊಳೆದು ಬಂದು ನಿಂತರು. "ನಾಳೆಯಿಂದ ಬರುವುದಿಲ್ಲ ಲೋಕಣ್ಣ. ನಿಮ್ಮ ಹೆಸರು ಹಾಳಾಗ್ತದೆ." ಸ್ವಲ್ಪ ದಿನ ರೆಸ್ಟ್ ತಕೊಳ್ಳಿ ಎಂದೆ. ರೆಸ್ಟ್!

ಅವರು ಹೋದ ಮೇಲೆ ಡಬ್ಬಿಗಳನ್ನು ತಿರುಗಿಸಿ ನೋಡಿದೆ. ನಿನ್ನೆ ನಾನು ಸುರಿದ ಡಬ್ಬಿಯ ಚೀಟಿ ಥಿನ್ನರಿನಲ್ಲಿ ನೆನೆದು ಹೋಗಿತ್ತು. ಸಾಲಿನಲ್ಲಿ ಮೂರನೆಯದು ಕೆಂಪು ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಕಲಸುವಾಗ ಅದು ಜಾಗ ಬದಲಾಗಿರಬೇಕು. ತಳದಲ್ಲಿ ಕಂಪೆನಿಯ ಅಚ್ಚು ಉಂಟು. ಗ್ರೀನ್.

ನವೆಂಬರ್ ೨, ಸೋಮವಾರ

ಹತ್ತು ದಿನ ಬರೆದಿಲ್ಲ. ದೀಪಾವಳಿ ಬಂತು, ಹೋಯಿತು. ಶೀನಪ್ಪಣ್ಣನ ಮನೆಗೆ ವರ್ಷವೂ ಅವಲಕ್ಕಿ ಬೆಲ್ಲ ಕೊಡುತ್ತಿದ್ದೆವು. ಈ ಸಲ ನಾನು ಹೋಗಲಿಲ್ಲ.

ಕುಶಲಾ ನಿನ್ನೆ ಬಂದಳು. ಇವತ್ತು ಅಂಗಡಿಗೆ ಬಂದು ಮೂಲೆಯಲ್ಲಿದ್ದ ಟಾಂಕಿ ನೋಡಿದಳು. ಕೆಂಪೆಂದು ಹಸಿರು ಸುರಿದೆ ಎಂದೆ, ಅಷ್ಟು ಸತ್ಯ ಹೇಳಿದೆ. ಅವಳು ಬೈಯಲಿಲ್ಲ. ಶೀನಪ್ಪಣ್ಣ ಎಲ್ಲಿ ಎಂದಳು. ಮಗಳ ಮದುವೆಯ ಓಡಾಟ ಎಂದೆ.

ಕಪಾಟಿನ ಮೇಲೆ ಶೀನಪ್ಪಣ್ಣ ಬಣ್ಣ ಬಳಿದು ಒಣಗಿಸಿದ್ದ ಮುಚ್ಚಳ ಸಿಕ್ಕಿತು ಅವಳಿಗೆ. ರಬ್ಬರಿನ ಅಡಿಯಲ್ಲಿ ನಾನು ಪೈಂಟು ತಾಗಿಸದೆ ಬಿಟ್ಟಿದ್ದ ಹಳೆಯ ತುಂಡಿನ ಮೇಲೆ ಅದನ್ನಿಟ್ಟು, ಬಾಗಿಲಿಗೆ ತಂದು, ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಯಾರು ಕಲಸಿದ್ದು? ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನನ್ನಿಂದಲೂ ಇಷ್ಟು ಆಗುವುದಿಲ್ಲ."

ಶೀನಪ್ಪಣ್ಣ ಎಂದೆ. "ಮತ್ತೆ ನೀವು ಯಾಕೆ ಕೈ ಹಾಕಿದ್ದು?" ಎಂದಳು.



ನವೆಂಬರ್ ೧೧, ಬುಧವಾರ

ಮುಚ್ಚಳ ನೋಡಿ ಕುಶಲಾ ಬಣ್ಣ ಹೊಂದಿಸಿದಳು. ಹೊಡೆದೆ. ಗಾಡಿ ಜೋಡಿಸಿದ್ದಾಯಿತು. "ಊಟ ಮಾಡಿ," ಎಂದಳು.

ನವೆಂಬರ್ ೧೭, ಮಂಗಳವಾರ

ಯೂಸುಫ್ ನಿನ್ನೆ ಬೊಂಬಾಯಿಯಿಂದ ಹಡಗಿನಲ್ಲಿ ಬಂದಿಳಿದರಂತೆ. ಇವತ್ತು ಇಬ್ಬರೂ ಅದೇ ಗಾಡಿಯಲ್ಲಿ ಅಂಗಡಿಗೆ ಬಂದರು, ಅಣ್ಣ ಮುಂದೆ, ತಮ್ಮ ಹಿಂದೆ. ಯೂಸುಫ್ ಇಳಿದವರೇ ನನ್ನ ಎರಡೂ ಕೈ ಹಿಡಿದುಕೊಂಡರು.

"ಅದೇ ಬಣ್ಣ! ಅಲ್ಲಿ ಮರಳಿನಲ್ಲಿ ಕೂತು ಕಣ್ಣು ಮುಚ್ಚಿದ್ರೆ ಈ ಬಣ್ಣವೇ ಕಾಣ್ತಿತ್ತು ನನಗೆ. ಇದನ್ನು ಹೇಗೆ ಹೊಂದಿಸಿದ್ರಿ?"

ಕೈ ಬಿಡಿಸಿಕೊಳ್ಳಲಾಗಲಿಲ್ಲ. ಅಹ್ಮದ್ ಬಾವ ನಕ್ಕರು. "ಆ ಮುದುಕನನ್ನು ಬಿಟ್ಟದ್ದು ಒಳ್ಳೇದಾಯ್ತು. ಬಂದರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಕಣ್ಣಿಲ್ಲದವರ ಕೈಗೆ ಗಾಡಿ ಕೊಡಬೇಡಿ ಅಂತ."

ನಾನೂ ನಕ್ಕೆನೆಂದು ಕಾಣುತ್ತದೆ. ಮುಖದ ಸ್ನಾಯು ಹಾಗೆ ಮಾಡಿದ್ದು ನೆನಪಿದೆ.

ನವೆಂಬರ್ ೨೫, ಬುಧವಾರ

ಇವತ್ತು ಶಶಿಪ್ರಭಾ ಬಂದಿದ್ದಳು. ಬೀಡಿ ಕಟ್ಟಿ ಕೊಟ್ಟು ಬರುವ ದಾರಿ, ಮೊರ ಕಂಕುಳಲ್ಲಿತ್ತು. ಕೂರು ಎಂದರೆ ಕೂರಲಿಲ್ಲ.

"ಅಪ್ಪನ ಕಣ್ಣಿಗೆ ಎಂತ ಆಗಿದೆ ಅಂತ ನಿಮಗಾದ್ರೂ ಗೊತ್ತುಂಟಾ ಮಾಮ? ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟ್ರು ಎಂತದ್ದೂ ಇಲ್ಲ, ಹತ್ತಿರದ್ದು ಓದ್ಲಿಕ್ಕೆ ಕನ್ನಡಕ ಸಾಕು ಅಂತ ಹೇಳಿದ್ರು. ಅಪ್ಪ ನಂಬುವುದಿಲ್ಲ. ಡಾಕ್ಟ್ರು ಅಕ್ಷರ ತೋರಿಸ್ತಾರೆ, ಬಣ್ಣ ತೋರಿಸುವುದಿಲ್ಲ ಅಂತಾರೆ."

ನಾನು ಗನ್ನಿನ ಮೂತಿ ಒರೆಸುತ್ತಾ ಕೂತೆ.

"ದಿನಾ ಬೆಳಿಗ್ಗೆ ನನ್ನ ರವಕೆ ಯಾವ ಬಣ್ಣ ಅಂತ ಅವರೇ ಹೇಳ್ತಾರೆ. ಸರಿ ಹೇಳ್ತಾರೆ. ನಾನು ಹೌದು ಅಂದ್ರೆ, ಪಾಪ ಅಂತ ಹೇಳ್ತಿಯಾ ಮಗಾ ಅಂತ ಕೇಳ್ತಾರೆ. ಬಸ್ಸಿನ ಬಾಡಿ ಕಟ್ಟುವ ಕಡೆಯಿಂದ ಕೆಲಸಕ್ಕೆ ಕರೆದಿದ್ರು. ನನಗೆ ಬಣ್ಣ ತಿಳಿಯುವುದಿಲ್ಲ ಅಂತ ಇವರೇ ಹೇಳಿ ಬಂದ್ರು. ಈಗ ಕೆಂಪು ಕಲ್ಲು ಹೊರ್ಲಿಕ್ಕೆ ಹೋಗ್ತಾರೆ, ಈ ಪ್ರಾಯದಲ್ಲಿ. ಗಂಡಿನ ಕಡೆಯವರಿಗೆ ಒಂದು ವರ್ಷ ಕಾಯಿರಿ ಅಂತ ಹೇಳಿ ಕಳಿಸಿದ್ದಾರೆ."

ಆಗಲೂ ಹೇಳಲಿಲ್ಲ. ಆ ಹುಡುಗಿ ಎದುರಿಗೆ ನಿಂತು ಕೇಳುತ್ತಿರುವಾಗಲೂ ನನ್ನ ಬಾಯಿಂದ ಬಂದದ್ದು: "ನಾನೊಮ್ಮೆ ಬಂದು ಮಾತಾಡ್ತೇನೆ."

ಅವಳು ತಿರುಗಿದರೆ ಬಾಗಿಲಲ್ಲಿ ಕುಶಲಾ, ಕೈಯಲ್ಲಿ ಬುತ್ತಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಶಶಿಪ್ರಭಾ ರಸ್ತೆ ದಾಟುವವರೆಗೆ ಕಾದಳು.

"ಅವರು ಕಲಸಿದ್ದೇ ತಪ್ಪು ಅಂತ ಹೇಳಿದಿರಾ?"

"ನಾನು ಹೇಳಲಿಲ್ಲ. ಅವರೇ—"

"ಅವರು ಹೇಳುವಾಗ ನೀವು ಎಲ್ಲಿದ್ರಿ?"

ಅವಳು ಬು‍ತ್ತಿಯನ್ನು ಬೆಂಚಿನ ಮೇಲೆ ಇಟ್ಟಳು.

"ಹದಿನಾಲ್ಕು ವರ್ಷ ನಿಮ್ಮ ಜೊತೆ ನಾನೂ ಸುಳ್ಳು ಹೇಳಿದೆ. ನಮ್ಮ ಹೊಟ್ಟೆಗೆ ಹೇಳಿದ್ದು. ಇನ್ನೊಬ್ಬರ ಕಣ್ಣು ಕೀಳ್ಲಿಕ್ಕೆ ಅಲ್ಲ."



ನವೆಂಬರ್ ೨೯, ಭಾನುವಾರ

ನಂತೂರಿಗೆ ಹೋಗಿ ಬಂದೆ. ಗುಡ್ಡ ಹತ್ತುವಾಗ ಮೂರು ಕಡೆ ಕೂತೆ. ದಣಿವಿಗಲ್ಲ.

ಶೀನಪ್ಪಣ್ಣ ಅಂಗಳದಲ್ಲಿ ಕೂತು ಹೆಗಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಕಲ್ಲು ಹೊತ್ತು ಹೆಗಲು ಕೆತ್ತಿಹೋಗಿದೆ. ಮೂಗಿನ ಮೇಲೆ ಹೊಸ ಕನ್ನಡಕ. ನನ್ನನ್ನು ಕಂಡು ಗಡಬಡಿಸಿ ಎದ್ದರು. ಶಶಿ, ಮಜ್ಜಿಗೆ ತಾ ಎಂದರು. ಬೇಡ ಎಂದೆ. ನಿಂತೇ ಹೇಳಿದೆ, ಕೂತರೆ ಹೇಳಲಾರೆ ಎಂದು.

"ಶೀನಪ್ಪಣ್ಣ, ಆ ದಿನ ನೀವು ಕಲಸಿದ್ದು ಸರಿ ಇತ್ತು. ನೀವು ಹೋದ ಮೇಲೆ ನಾನು ಅದಕ್ಕೆ ಪಚ್ಚೆ ಹಾಕಿದೆ."

"ಪಚ್ಚೆ? ಕೆಂಪಿಗೆ? ಯಾಕೆ?"

"ಕೆಂಪು ಅಂತ ತಿಳಿದು."

ಅವರಿಗೆ ಅರ್ಥವಾಗಲಿಲ್ಲ. "ಕೆಂಪು ಅಂತ ತಿಳಿದು ಪಚ್ಚೆ ಹಾಕುವುದು ಹೇಗೆ ಮಾರಾಯ್ರೆ?"

"ನನಗೆ ಕಾಣುವುದಿಲ್ಲ. ಹುಟ್ಟಿದಾಗಿನಿಂದ. ಇಷ್ಟು ವರ್ಷ ನೋಡಿದ್ದು ಕುಶಲಾ. ನಿಮ್ಮ ಕಣ್ಣಿಗೆ ಎಂತದ್ದೂ ಆಗಿಲ್ಲ."

ಅವರು ಕನ್ನಡಕ ತೆಗೆದರು. ಅಂಗಳದ ಮೂಲೆ ನೋಡಿದರು.

"ಅಲ್ಲಿ ದಾಸವಾಳ. ಕೆಂಪು. ಅಲ್ವಾ?" — ಕೇಳಿದ್ದು ಮಗಳನ್ನು, ನನ್ನನ್ನಲ್ಲ.

"ಹೌದಪ್ಪಾ."

"ನಿನ್ನ ಸೀರೆ ನೇರಳೆ. ಅಂಚು ಅರಸಿನ. ಆ ಬಕೆಟು ನೀಲಿ, ಹಿಡಿ ಹತ್ತಿರ ತುಕ್ಕು. ಬಸಳೆ ಬಳ್ಳಿ ಕೆಂಪು, ಎಲೆ ಪಚ್ಚೆ..."

ಅಂಗಳದಲ್ಲೆಲ್ಲ ನಡೆದರು. ಒಂದೊಂದನ್ನೂ ಮುಟ್ಟಿ ಮುಟ್ಟಿ ಹೆಸರು ಹೇಳಿದರು. ಹಂಚು, ಕೋಳಿಯ ಜುಟ್ಟು, ಒಗೆದು ಹಾಕಿದ ತಮ್ಮದೇ ಹೆಗಲ ಬೈರಾಸು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಶಶಿಪ್ರಭಾ ಒಂದೊಂದಕ್ಕೂ ಹೌದಪ್ಪಾ ಹೌದಪ್ಪಾ ಎನ್ನುತ್ತಾ ಬಾಗಿಲ ದಾರಂದ ಹಿಡಿದು ಅತ್ತಳು. ಅವರು ಹೇಳಿದ್ದನ್ನೆಲ್ಲ ನಾನೂ ತಿರುಗಿ ತಿರುಗಿ ನೋಡಿದೆ. ಅರ್ಧಕ್ಕರ್ಧ ನನ್ನ ಪಾಲಿಗೆ ಅಲ್ಲಿರಲಿಲ್ಲ.

ಕೊನೆಗೆ ನನ್ನ ಎದುರು ಬಂದು ನಿಂತರು.

"ಮೂವತ್ತೆಂಟು ದಿನ, ಲೋಕಣ್ಣ. ದಿನಾ ಬೆಳಿಗ್ಗೆ ಕಣ್ಣು ಬಿಡ್ಲಿಕ್ಕೆ ಹೆದರ್ತಿದ್ದೆ. ಇವತ್ತು ಎಷ್ಟು ಹೋಯಿತು, ಇನ್ನು ಎಷ್ಟು ಉಳಿದಿದೆ ಅಂತ."

ಕಾಲಿಗೆ ಬೀಳಲು ಬಗ್ಗಿದೆ. ಹಿಂದೆ ಸರಿದರು. "ಅದೆಲ್ಲ ಬೇಡ. ಸಿಟ್ಟಿಲ್ಲ ಅಂತ ಹೇಳ್ಲಿಕ್ಕೆ ನನಗೆ ಬರುವುದಿಲ್ಲ. ಸಾಹುಕಾರರ ಹತ್ತಿರ ಹೋಗಿ ಹೇಳಿ. ನಾನಿರುವಾಗ ಬೇಡ, ಆ ಹೊತ್ತು ನಿಮ್ಮ ಮುಖ ನೋಡ್ಲಿಕ್ಕೆ ನನ್ನಿಂದಾಗುವುದಿಲ್ಲ. ಆದ್ರೆ ಹೇಳಿ."

ನವೆಂಬರ್ ೩೦, ಸೋಮವಾರ

ಬಂದರಿಗೆ ಹೋದೆ. ಅಹ್ಮದ್ ಬಾವರ ಗೋದಾಮಿನಲ್ಲಿ ಎಂಟು ಹತ್ತು ಜನ. ಎಂತ ಲೋಕನಾಥರೇ ಬಂದದ್ದು ಎಂದರು. ಎರಡು ಸೇರು ಒಣ ಸಿಗಡಿ ಕೊಂಡು ಹಿಂದಿರುಗಿದೆ.

ಕುಶಲಾ ಪೊಟ್ಟಣ ನೋಡಿದಳು. ಬಿಚ್ಚಲಿಲ್ಲ.

ಡಿಸೆಂಬರ್ ೧, ಮಂಗಳವಾರ

ಇವತ್ತು ಹೇಳಿದೆ. ಗೋದಾಮಿನ ಬಾಗಿಲಲ್ಲಿ, ಮೂಟೆ ಹೊರುವವರೆಲ್ಲ ಕೇಳುವಂತೆ. ಮೆಲ್ಲಗೆ ಶುರು ಮಾಡಿದರೆ ಅರ್ಧದಲ್ಲಿ ನಿಲ್ಲುತ್ತದೆಂದು ಗಟ್ಟಿಯಾಗಿಯೇ ಹೇಳಿದೆ. ಬಣ್ಣ ಕೆಡಿಸಿದ್ದು ನಾನು, ಶೀನಪ್ಪಣ್ಣ ಅಲ್ಲ. ನನಗೆ ಕೆಂಪು ಹಸಿರು ತಿಳಿಯುವುದಿಲ್ಲ. ಅವರ ಕಣ್ಣು ಸರಿ ಉಂಟು.

ಅಹ್ಮದ್ ಬಾವ ಮೊದಲು ತಮಾಷೆ ಎಂದುಕೊಂಡರು. ಹೆಗಲ ಮೇಲಿನ ಶಾಲು ಎತ್ತಿ ಹಿಡಿದರು. "ಇದು ಯಾವ ಬಣ್ಣ ಹೇಳಿ ನೋಡುವ?"

"ಗೊತ್ತಾಗುವುದಿಲ್ಲ."

"ಇದು?" ತಕ್ಕಡಿಯ ಹಗ್ಗ.

"ಗೊತ್ತಾಗುವುದಿಲ್ಲ."

ಯಾರೋ ನಕ್ಕರು. ಇನ್ನೊಬ್ಬ ತನ್ನ ಲುಂಗಿ ಎತ್ತಿ ತೋರಿಸಿ ಇದು ಎಂದ. ಅದಕ್ಕೂ ಅದನ್ನೇ ಹೇಳಿದೆ. ಹುಟ್ಟಿ ಮೂವತ್ತೊಂಬತ್ತು ವರ್ಷ ಬಾಯಿಗೆ ಬಾರದ ಮಾತು ಒಂದೇ ಮುಂಜಾನೆ ಆರೇಳು ಸಲ ಹೇಳಿದೆ. ಒಂದು ಸಲವೂ ಸುಲಭವಾಗಲಿಲ್ಲ.

"ಸಾಕು ಅಹ್ಮದ್," ಎಂದರು ಯೂಸುಫ್, ಒಳಗಿಂದ ಬಂದು. ನನ್ನ ಕಡೆ ನೋಡಲಿಲ್ಲ, ನನ್ನ ಹೆಗಲಿನಾಚೆ ನೋಡಿದರು. "ನನ್ನ ಗಾಡಿಯ ಬಣ್ಣ ಹಾಗಾದ್ರೆ ಯಾರು ಹೊಂದಿಸಿದ್ದು?"

"ಶೀನಪ್ಪಣ್ಣ. ಅವರು ಮಾಡಿಟ್ಟದ್ದನ್ನು ನೋಡಿ ನನ್ನ ಹೆಂಡತಿ."

"ಅವರ ಮನೆ?"

ನಂತೂರಿನ ದಾರಿ ಹೇಳಿದೆ. ಗಾಡಿ ಕಿಕ್ ಮಾಡಿದರು. ಅಹ್ಮದ್ ಬಾವರನ್ನು ನೋಡಿ, "ಹತ್ತು. ಊರಿಗೆಲ್ಲ ಹೇಳಿದವ ನೀನು, ಅವರ ಮನೆಗೂ ನೀನೇ ಬಾ," ಎಂದರು. ಅಹ್ಮದ್ ಬಾವ ಮುಖ ತಗ್ಗಿಸಿ ಹಿಂದೆ ಕೂತರು. ಹೊರಟೇಹೋದರು. ನಾನು ಕಂಕನಾಡಿಗೆ ನಡೆದು ಬಂದೆ.

ಡಿಸೆಂಬರ್ ೫, ಶನಿವಾರ

ಶೀನಪ್ಪಣ್ಣ ಅವರ ಸಾಮಾನು ತಕ್ಕೊಂಡು ಹೋಗಲು ಬಂದಿದ್ದರು. ಬಸ್ಸಿನ ಬಾಡಿ ಕಟ್ಟುವಲ್ಲಿ ಬಣ್ಣ ಕಲಸುವ ಕೆಲಸವೇ ಸಿಕ್ಕಿದೆ. ಅಹ್ಮದ್ ಬಾವ ಜೊತೆಗೆ ಹೋಗಿ ಮಾತಾಡಿದರಂತೆ. ಮದುವೆ ಫೆಬ್ರವರಿಯಲ್ಲಿ. ಕುಶಲಾಳಿಗೆ ಬರಬೇಕು ಎಂದರು. ನನಗೆ ಹೇಳಲಿಲ್ಲ, ಹೇಳದೆಯೂ ಹೋಗಲಿಲ್ಲ — "ಬರ್ತೇನೆ" ಎಂದು ಬಾಗಿಲಲ್ಲಿ ಒಂದು ಕ್ಷಣ ನಿಂತರು.

ಇಲ್ಲೇ ಇರಿ ಎನ್ನುವ ಹಕ್ಕು ನನಗಿರಲಿಲ್ಲ.

ಡಿಸೆಂಬರ್ ೧೪, ಸೋಮವಾರ, ಮಧ್ಯಾಹ್ನ ೧

ಸುದ್ದಿ ಎಲ್ಲ ಕಡೆ ಮುಟ್ಟಿದೆ. ಎರಡು ಕಾರಿನವರು ಗಾಡಿ ವಾಪಸು ಕೊಂಡುಹೋದರು. ಚಾದ ಅಂಗಡಿಯಲ್ಲಿ ಬಾಳೆಹಣ್ಣು ತೋರಿಸಿ ಬಣ್ಣ ಕೇಳುತ್ತಾರೆ. ಹಳದಿ ನನಗೆ ಕಾಣುತ್ತದೆ. ಆದರೂ ಹೇಳುವುದಿಲ್ಲ. ಕೇಳಲಿ.

ಕುಶಲಾ ಈಗ ಬೆಳಗ್ಗೆಯೇ ಬಂದು ಸ್ಟೂಲ್ ಹಾಕಿಕೊಂಡು ಬಾಗಿಲ ಬೆಳಕಿನಲ್ಲಿ ಕೂರುತ್ತಾಳೆ. ಬುತ್ತಿಯ ನೆಪವಿಲ್ಲ.

ಈಗಷ್ಟೇ ಒಬ್ಬರು ಬಿ.ಎಸ್.ಎ. ಮೋಟಾರ್ ಸೈಕಲ್ ತಳ್ಳಿಕೊಂಡು ಬಂದರು. ದೂರದವರು, ನಮ್ಮ ಕತೆ ಗೊತ್ತಿಲ್ಲ. ಹಳೆಯ ಬಣ್ಣವೇ ಇರಲಾ, ಬೇರೆ ಏನಾದರೂ ಚಂದ ಕಾಣುತ್ತದಾ ಎಂದು ನನ್ನನ್ನೇ ಕೇಳಿದರು. ಕಪ್ಪು ಎಂಬುದು ನಾಲಿಗೆ ತುದಿಗೆ ಬಂದಿತ್ತು. ಕುಶಲಾ ನನ್ನ ಮುಖ ನೋಡುತ್ತಾ ಕೂತಿದ್ದಳು, ಏನೂ ಹೇಳಿಕೊಡದೆ.

"ಬಣ್ಣ ನೋಡುವುದು ನನ್ನ ಹೆಂಡತಿ," ಎಂದೆ. "ನಾನು ಹೊಡೆಯುವವ ಮಾತ್ರ. ನನಗೆ ಬಣ್ಣ ತಿಳಿಯುವುದಿಲ್ಲ."

ಅವರು ಗಾಡಿಯನ್ನು ಒಳಗೆ ತಂದು ನಿಲ್ಲಿಸಿದರು. ಆಮೇಲೆ ಬರೆಯುತ್ತೇನೆ.